ವೀಣೆಗೆ ಕಿಟಕಿ ಸೀಟು

ಸರಸ್ವತಿ ವೀಣೆಯ 24 ಮೆಟ್ಟುಗಳು ನಿಂತಿರುವುದು ಮರದ ಮೇಲಲ್ಲ, ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಾಯಿಸಿ, ದಂಡಿಯ ಎರಡೂ ಅಂಚಿಗೆ ಏರಿ ಕಟ್ಟಿ, ಅದರ ಮೇಲೆ ಒಂದೊಂದೇ ಹಿತ್ತಾಳೆ ಮೆಟ್ಟನ್ನು ಕಿವಿಯ ಅಳತೆಯಲ್ಲಿ ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಒಂದು ಮೆಟ್ಟು ಕೂದಲೆಳೆಯಷ್ಟು ಸರಿದರೂ ಗಾಂಧಾರ ಕೆಟ್ಟಿತು. ಜೇನುಮೇಣ ಪೂರಾ ಕರಗಬೇಕಾದರೆ 60 ಡಿಗ್ರಿ ಸೆಲ್ಸಿಯಸ್ ದಾಟಬೇಕು, ನಿಜ. ಮೆತ್ತಗಾಗಲು ಅಷ್ಟೆಲ್ಲ ಬೇಡ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಸಾಮಾನಿನ ಗಾಡಿ ವಿಮಾನದ ಪಕ್ಕದಲ್ಲಿ ಅರ್ಧ ಗಂಟೆ ಬಿಸಿಲಿಗೆ ನಿಂತರೆ, ಕಪ್ಪು ಪೆಟ್ಟಿಗೆಯೊಳಗಿನ ಮೇಳ ಬೆವರಲು ಅಷ್ಟು ಸಾಕು. ಅದೇ ವೀಣೆ ಜನವರಿಯಲ್ಲಿ ಷಿಕಾಗೊದಲ್ಲಿ ಇಳಿದರೆ ಕಥೆಯೇ ಬೇರೆ. ಚಳಿಗೆ ಬಿರುಸಾದ ಮೇಣ ಒಂದು ಏಟಿಗೆ ಚಕ್ಕೆಯೇಳುತ್ತದೆ, ಕಳಚಿದ ಮೆಟ್ಟುಗಳು ಪೆಟ್ಟಿಗೆಯ ತಳದಲ್ಲಿ ಸದ್ದು ಮಾಡುತ್ತವೆ.

ಜಮಖಾನದ ಮೇಲೆ ಕೂತು ನುಡಿಸಲು, ಊರಿಂದೂರಿಗೆ ಹೋಗುವಾಗ ರೈಲಿನಲ್ಲಿ ಪಕ್ಕದಲ್ಲೇ ಮಲಗಿಸಿಕೊಳ್ಳಲು ಹೊಂದಿಕೊಂಡ ವಾದ್ಯ ಅದು. ಅದನ್ನು ನಾವು ಈಗ ಹತ್ತು ಸಾವಿರ ಮೀಟರ್ ಮೇಲಕ್ಕೆ ಒಯ್ಯುತ್ತಿದ್ದೇವೆ. ಮುರಿದ ವಾದ್ಯಗಳ ಸುದ್ದಿ ಆಗಾಗ ಬರುತ್ತದೆ, ನಾಲ್ಕು ದಿನ ಜನ ಕೋಪಗೊಳ್ಳುತ್ತಾರೆ, ಮರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಕಳೆದ ನಾಲ್ಕೈದು ದಶಕಗಳಲ್ಲಿ ವಿಮಾನದ ಅಳತೆಪಟ್ಟಿ ಸದ್ದಿಲ್ಲದೆ ನಮ್ಮ ವಾದ್ಯಗಳ ಆಕಾರವನ್ನೇ ತಿದ್ದುತ್ತ ಬಂದಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ವಿಮಾನದ ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ.

ಸಾಮಾನು ತುಂಬುವ ಜಾಗದಲ್ಲಿ ಗಾಳಿಯ ಒತ್ತಡವೇ ಇರುವುದಿಲ್ಲ, ಅಲ್ಲಿ ವಾದ್ಯ ಮೈನಸ್ 50 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಸಂಗೀತಗಾರರಲ್ಲೇ ಅನೇಕರು ನಂಬಿದ್ದಾರೆ. ಆ ಮೈನಸ್ 50 ವಿಮಾನದ ಹೊರಗಿನದು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಮೇಲೆ ಕೂತವರಿಗೆ ಇರುವ ಒತ್ತಡವೇ ಕೆಳಗಿನ ಸಾಮಾನಿಗೂ ಇರುತ್ತದೆ. ಸಮುದ್ರಮಟ್ಟದಿಂದ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟು, ಅಂದರೆ ಹೆಚ್ಚೂಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇರುವಷ್ಟು. ಮುಳ್ಳಯ್ಯನಗಿರಿಗೆ ವೀಣೆ ಹೊತ್ತು ಹೋದರೆ ಅದು ಒಡೆಯುವುದಿಲ್ಲ. ಕೆಳಗೆ ಚಳಿ ಮೇಲಿಗಿಂತ ಹೆಚ್ಚು, ಆದರೆ ನಾಯಿ ಬೆಕ್ಕುಗಳನ್ನು ಸಾಗಿಸುವುದೂ ಅಲ್ಲೇ ಎಂಬುದನ್ನು ನೆನಪಿಡಬೇಕು.

ನಿಜವಾದ ಶತ್ರು ಒಣಗಾಳಿ. ಅಷ್ಟು ಎತ್ತರದ ಗಾಳಿಯಲ್ಲಿ ತೇವಾಂಶ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಎಳೆದುಕೊಂಡು ಬಿಸಿ ಮಾಡಿ ಒಳಗೆ ಬಿಡುವುದರಿಂದ ದೂರದ ಹಾರಾಟದಲ್ಲಿ ಆರ್ದ್ರತೆ ಅನೇಕ ಸಲ 20 ಪ್ರತಿಶತಕ್ಕಿಂತ ಕೆಳಗಿಳಿಯುತ್ತದೆ. ಜುಲೈ ತಿಂಗಳ ಮಂಗಳೂರಿನಿಂದ ಹೊರಟ ಮರ ಹದಿನೈದು ಇಪ್ಪತ್ತು ಗಂಟೆಗಳಲ್ಲಿ ಮರುಭೂಮಿಗಿಂತ ಒಣಗಿದ ಹವೆಯನ್ನು ಕಂಡು, ಎ.ಸಿ. ಹಾಕಿದ ಮನೆಯೊಳಗೆ ಇಳಿಯುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಹಾಗಾಗಿಯೇ ಬಿರುಕು ಎಳೆಯ ಗುಂಟ ಓಡುತ್ತದೆ, ಅಂಟಿನ ಜೋಡಣೆ ಬಾಯಿಬಿಡುತ್ತದೆ, ಬಿರಡೆ ಸಡಿಲವಾಗಿ ಜಾರುತ್ತದೆ. ಮೃದಂಗದ ಚರ್ಮ ಬಿಗಿದು ಶ್ರುತಿ ಏರಿ ಕೂರುತ್ತದೆ. ಬಿದಿರಿನ ಕೊಳಲಂತೂ ಯಾವ ಮುನ್ಸೂಚನೆಯೂ ಇಲ್ಲದೆ ಸೀಳುತ್ತದೆ. ಕೊಳಲಿನ ಮೈಗೆ ಅಲ್ಲಲ್ಲಿ ದಾರ ಸುತ್ತುವುದು ಅಲಂಕಾರಕ್ಕಲ್ಲ.

ತಂತಿಗಳನ್ನು ಸಡಿಲಿಸಿ ಕಳಿಸಿ ಎಂಬುದು ಎಲ್ಲರೂ ಕೊಡುವ ಸಲಹೆ. ವೀಣೆ, ಸಿತಾರ್, ತಂಬೂರಿಗೆ ಅದು ಸರಿ. ಬಿಗಿದ ತಂತಿ ದಂಡಿಯನ್ನು ಸದಾ ಎಳೆದುಕೊಂಡೇ ಇರುತ್ತದೆ, ಅಂಥ ಹೊತ್ತಿನಲ್ಲಿ ಬಿದ್ದ ಏಟು ಜೋಡಣೆಯ ಜಾಗದಲ್ಲೇ ಒಡೆತ ತರುತ್ತದೆ. ಪಿಟೀಲಿಗೆ ಮಾತ್ರ ಈ ಸಲಹೆಯನ್ನು ಪೂರ್ತಿ ಪಾಲಿಸಬಾರದು. ಪಿಟೀಲಿನ ಹೊಟ್ಟೆಯೊಳಗೆ ಒಂದು ಸಣ್ಣ ಮರದ ಕಡ್ಡಿ ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಮೇಲಿನ ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುವುದು. ತಂತಿಗಳನ್ನೆಲ್ಲ ಬಿಚ್ಚಿ ಬಿಟ್ಟರೆ ಕಡ್ಡಿ ಉರುಳುತ್ತದೆ, ಅದನ್ನು ಮತ್ತೆ ನಿಲ್ಲಿಸಲು ಕುಶಲಕರ್ಮಿಯೇ ಬೇಕು.

ಹೊರುವವರ ಮೊಣಕಾಲು

ಇಷ್ಟೆಲ್ಲ ಹವೆಯ ಮಾತಾಡಿದರೂ ವಾದ್ಯ ಒಡೆಯುವುದು ಬಹುತೇಕ ಬೀಳುವುದರಿಂದ, ಅಥವಾ ಅದರ ಮೇಲೆ ಏನೋ ಬೀಳುವುದರಿಂದ. ಬೋಯಿಂಗ್ 737ರಂಥ ವಿಮಾನದ ಸಾಮಾನಿನ ಗೂಡು ಎಷ್ಟು ತಗ್ಗೆಂದರೆ ಒಳಗೆ ಕೆಲಸ ಮಾಡುವವರು ನೆಟ್ಟಗೆ ನಿಲ್ಲಲಾಗದು. ಮೊಣಕಾಲೂರಿ, ಬಾಗಿ, ಬಾಗಿಲ ಬಳಿ ಬಂದ ಪೆಟ್ಟಿಗೆಗಳನ್ನು ಒಂದೊಂದೇ ಒಳಕ್ಕೆ ದೂಡಬೇಕು. ವಿಮಾನ ಇಳಿದು ಮತ್ತೆ ಹಾರುವುದರೊಳಗೆ ಸಿಗುವುದು ಕೆಲವೊಮ್ಮೆ ಬರೀ ಅರ್ಧ ಗಂಟೆ. ಅಷ್ಟರಲ್ಲಿ ನೂರಾರು ಪೆಟ್ಟಿಗೆ ಇಳಿಸಿ ನೂರಾರು ಏರಿಸಬೇಕಾದ ಕೂಲಿಯವನು ‘ನಾಜೂಕು ವಸ್ತು’ ಎಂಬ ಚೀಟಿಯನ್ನು ಓದುತ್ತ ಕೂರುವನೆಂದು ನಿರೀಕ್ಷಿಸುವುದು ಅವನಿಗೂ ಅನ್ಯಾಯ. ಕಿಟಕಿಯಿಂದ ಕಂಡ ದೃಶ್ಯವನ್ನು ಚಿತ್ರೀಕರಿಸಿ ಅವನನ್ನು ಬೈಯುವವರು ಅವನ ಗಡಿಯಾರವನ್ನೂ ಒಮ್ಮೆ ನೋಡಬೇಕು. ದೊಡ್ಡ ವಿಮಾನಗಳಲ್ಲಿ ಕಂಟೇನರ್ ತುಂಬಿ ಏರಿಸುವುದರಿಂದ ಅಪಾಯ ಕೊಂಚ ಕಡಿಮೆ. ನಡುವೆ ವಿಮಾನ ಬದಲಿಸುವ ಪ್ರತಿ ಊರಿನಲ್ಲೂ ಅದು ಮತ್ತೆ ಹೆಚ್ಚುತ್ತದೆ.

ಹೆಸರು ದೊಡ್ಡದಿದ್ದರೆ ರಿಯಾಯಿತಿ ಎಂದೇನೂ ಇಲ್ಲ. 2014ರ ಜೂನ್‌ನಲ್ಲಿ ಲಂಡನ್‌ನಿಂದ ದೆಹಲಿಗೆ ಬಂದ ಉಸ್ತಾದ್ ಅಮ್ಜದ್ ಅಲಿ ಖಾನ್ ಅವರ ಸರೋದ್ ಅವರ ಜೊತೆ ಬರಲಿಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ನುಡಿಸಿದ ವಾದ್ಯವನ್ನು ಬ್ರಿಟಿಷ್ ಏರ್‌ವೇಸ್ ಎಲ್ಲೋ ಬಿಟ್ಟಿತ್ತು. ದೊಡ್ಡ ಸುದ್ದಿಯಾದ ಮೇಲೆ, ಕೆಲವು ದಿನಗಳಿಗೆ ಅದು ಸಿಕ್ಕಿತು. 2025ರ ಡಿಸೆಂಬರ್‌ನಲ್ಲಿ ಅನೌಷ್ಕಾ ಶಂಕರ್ ಬಿರುಕುಬಿಟ್ಟ ತಮ್ಮ ಸಿತಾರಿನ ವಿಡಿಯೊ ಹಾಕಿ ಏರ್ ಇಂಡಿಯಾವನ್ನು ತರಾಟೆಗೆ ತೆಗೆದುಕೊಂಡರು. ಮೊದಲು ಶ್ರುತಿ ಕೆಟ್ಟಿದೆ ಅಷ್ಟೇ ಅಂದುಕೊಂಡಿದ್ದರಂತೆ. ಶ್ರುತಿ ಮಾಡಿ ನುಡಿಸಲೆಂದು ಎತ್ತಿಕೊಂಡಾಗ ಬಿರುಕು ಕಂಡಿತು. ಸಿತಾರಿನ ಬುರುಡೆ ಒಣಗಿದ ಸೋರೆಕಾಯಿ. ಗಾತ್ರ ನೋಡಿ ಗಟ್ಟಿ ಎಂದುಕೊಳ್ಳುತ್ತೇವೆ, ಒತ್ತಿದರೆ ಹಪ್ಪಳ.

ಹಾಡು, ಆಮೇಲೆ ಕಾನೂನು

ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದದ್ದು ಕೆನಡಾದ ಗಾಯಕ ಡೇವ್ ಕ್ಯಾರಲ್. 2008ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ ಒಮಾಹಾಕ್ಕೆ ಹೋಗುತ್ತಿದ್ದಾಗ ಷಿಕಾಗೊದಲ್ಲಿ ಅವರ ಟೇಲರ್ ಗಿಟಾರ್ ಮುರಿಯಿತು. ಯುನೈಟೆಡ್ ಏರ್‌ಲೈನ್ಸ್ ತಿಂಗಳುಗಟ್ಟಲೆ ಅಲೆಸಿ ಕೊನೆಗೆ ಇಲ್ಲವೆಂದಿತು. 2009ರ ಜುಲೈನಲ್ಲಿ ಕ್ಯಾರಲ್ ಯೂಟ್ಯೂಬ್‌ಗೆ ಒಂದು ತಮಾಷೆಯ ಹಾಡು ಹಾಕಿದರು: ಯುನೈಟೆಡ್ ಗಿಟಾರ್ ಮುರಿಯುತ್ತದೆ ಎಂಬುದೇ ಅದರ ಪಲ್ಲವಿ. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು. ಕಂಪನಿ ಆಗ ಓಡಿಬಂದು ಹಣ ಕೊಡುತ್ತೇನೆಂದಿತು. ಅವರು ಅದನ್ನು ದಾನಕ್ಕೆ ಕೊಡಿ ಎಂದರು. ಸೇವಾಲೋಪದ ಪಾಠವಾಗಿ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇಂದಿಗೂ ಈ ಪ್ರಕರಣ ಓಡುತ್ತಿದೆ.

ಅಮೆರಿಕದ ಸಂಗೀತಗಾರರ ಸಂಘಗಳು ವರ್ಷಗಟ್ಟಲೆ ಪಟ್ಟುಹಿಡಿದದ್ದರ ಫಲವಾಗಿ 2012ರಲ್ಲಿ ಅಲ್ಲಿನ ವಿಮಾನಯಾನ ಕಾಯ್ದೆಯಲ್ಲಿ ವಾದ್ಯಗಳಿಗೆಂದೇ ಒಂದು ಕಲಮು ಸೇರಿತು. ನಿಯಮಗಳು 2015ರ ಮಾರ್ಚ್‌ನಿಂದ ಜಾರಿಗೆ ಬಂದವು. ಪಿಟೀಲು, ಗಿಟಾರಿನಂಥ ಸಣ್ಣ ವಾದ್ಯವನ್ನು, ಹತ್ತುವ ಹೊತ್ತಿಗೆ ತಲೆಯ ಮೇಲಿನ ಗೂಡಿನಲ್ಲಿ ಜಾಗವಿದ್ದರೆ, ಬೇಡವೆನ್ನುವಂತಿಲ್ಲ. ಇಟ್ಟ ಮೇಲೆ ಇನ್ನೊಬ್ಬರ ಟ್ರಾಲಿಗಾಗಿ ಅದನ್ನು ತೆಗೆಸುವಂತಿಲ್ಲ. ದೊಡ್ಡ ವಾದ್ಯಕ್ಕೆ ಸೀಟು ಕೊಂಡರೆ, 165 ಪೌಂಡ್‌ವರೆಗೆ, ಅಂದರೆ ಸುಮಾರು 75 ಕೆ.ಜಿ.ವರೆಗೆ, ಸುರಕ್ಷತೆಗೆ ಅಡ್ಡಿಯಾಗದಿದ್ದರೆ ಒಪ್ಪಿಕೊಳ್ಳಬೇಕು. ಇದರಲ್ಲಿ ದೊಡ್ಡ ಔದಾರ್ಯವೇನಿಲ್ಲ. ಆದರೆ ಗೇಟಿನಲ್ಲಿ ನಿಂತ ಒಬ್ಬ ಸಿಬ್ಬಂದಿಯ ಮೂಡಿನ ಮೇಲೆ ಒಬ್ಬ ಕಲಾವಿದನ ಕಛೇರಿ ನಿಲ್ಲುವ ಸ್ಥಿತಿ ಅಷ್ಟರಮಟ್ಟಿಗೆ ತಪ್ಪಿತು. ನಮ್ಮಲ್ಲಿ ಆಯಾ ವಿಮಾನ ಸಂಸ್ಥೆ ಬರೆದುಕೊಂಡದ್ದೇ ನಿಯಮ. ಹೆಚ್ಚೂಕಡಿಮೆ 7 ಕೆ.ಜಿ., 55 ಸೆಂಟಿಮೀಟರ್ ಉದ್ದ, 35 ಅಗಲ, 25 ದಪ್ಪ. ನಾಲ್ಕಡಿ ಮೀರಿದ ವೀಣೆಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಪರಿಹಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ; ಭಾರತ ಅದನ್ನು ಸೇರಿದ್ದು 2009ರಲ್ಲಿ. ಸಾಮಾನು ಕಳೆದರೆ, ಕೆಟ್ಟರೆ ಒಬ್ಬ ಪ್ರಯಾಣಿಕನಿಗೆ ಸಿಗಬಹುದಾದ ಗರಿಷ್ಠ ಮೊತ್ತ 2024ರ ಡಿಸೆಂಬರ್ ಕೊನೆಯಿಂದ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ದೇಶದೊಳಗಿನ ಹಾರಾಟಕ್ಕೆ ಮಿತಿ 20,000 ರೂಪಾಯಿ. ಗರಿಷ್ಠ ಎಂಬುದನ್ನು ಒತ್ತಿ ಓದಬೇಕು. ವಾದ್ಯದ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಕೌಂಟರಿನಲ್ಲೇ ಮೌಲ್ಯ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಲು ಒಪ್ಪಂದದಲ್ಲಿ ಅವಕಾಶವಿದೆ; ಅದನ್ನು ಬಳಸುವವರು ವಿರಳ. ಕೆಟ್ಟಿದ್ದರೆ, ಸಾಮಾನು ಕೈಸೇರಿದ ಏಳು ದಿನಗಳೊಳಗೆ ದೂರು ಬರಹದಲ್ಲಿ ಕೊಡಬೇಕು. ವಾದ್ಯದ್ದೇ ದೋಷದಿಂದ ಹಾನಿಯಾಯಿತೆಂದು ಕಂಪನಿ ತೋರಿಸಿದರೆ ಆ ಪರಿಹಾರವೂ ಇಲ್ಲ. ಹಳೆಯ ಬಿರುಕು, ಸಡಿಲ ಅಂಟು ಎಲ್ಲವೂ ಆಗ ಸಾಕ್ಷಿಗೆ ಬರುತ್ತವೆ. ಹೊರಡುವ ಮುನ್ನ ವಾದ್ಯದ ಫೋಟೊ ತೆಗೆದಿಡುವುದು ಅದಕ್ಕೇ.

“ಗಿಟಾರ್ ಅಂತ ಹಾಕ್ತೀನಿ ಮೇಡಂ”

ನನಗೆ ಪರಿಚಯದ ವೀಣೆಯ ಮೇಡಂ ಒಬ್ಬರು ಜಯನಗರದವರು. ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟಾಗ ಪಾಠಕ್ಕೂ ಒಂದೆರಡು ಕಛೇರಿಗೂ ಇರಲೆಂದು ವೀಣೆಯನ್ನೂ ಒಯ್ದರು. ಸೋರೆಬುರುಡೆ ಕಳಚಿ ಬೇರೆ ಸುತ್ತಿದರು, ತಂತಿಗಳನ್ನು ಹೊರುವ ಕುದುರೆಯ ಸುತ್ತ ಹತ್ತಿ ತುರುಕಿದರು, ದಂಡಿಯ ತುದಿಯ ಯಾಳಿಯ ಮುಖಕ್ಕೆ ಹಳೆಯ ನೂಲಿನ ಸೀರೆ ಸುತ್ತಿದರು. ಕೌಂಟರಿನ ಹುಡುಗಿ ಕೇಳಿದಳಂತೆ:

“ಇದು ಗಿಟಾರಾ ಮೇಡಂ?”

“ಅಲ್ಲಮ್ಮ, ವೀಣೆ.”

“ಸಿಸ್ಟಮ್‌ನಲ್ಲಿ ವೀಣೆ ಅಂತ ಬರ್ತಿಲ್ಲ ಮೇಡಂ. ಗಿಟಾರ್ ಅಂತ ಹಾಕ್ತೀನಿ, ಪರವಾಗಿಲ್ವಾ?”

“ಹಾಕು ತಾಯಿ. ಇಳಿದ ಮೇಲೆ ವೀಣೆಯಾಗಿ ಸಿಕ್ಕಿದರೆ ಸಾಕು.”

ಆಮೇಲೆ ಹುಡುಗಿ ಒಂದು ಟ್ಯಾಗ್ ಮುಂದಿಟ್ಟು ಸಹಿ ಮಾಡಿಸಿಕೊಂಡಳು. ಇವರು ಓದಲಿಲ್ಲ; ಹಿಂದೆ ಅಷ್ಟುದ್ದ ಸಾಲು ನಿಂತಿರುವಾಗ ಯಾರು ಓದುತ್ತಾರೆ? ಅದಕ್ಕೆ ಲಿಮಿಟೆಡ್ ರಿಲೀಸ್ ಟ್ಯಾಗ್ ಎನ್ನುತ್ತಾರೆ. ವಸ್ತು ನಾಜೂಕಿನದು, ಅಥವಾ ಕಟ್ಟಿರುವುದು ಸಾಲದು, ಕೆಟ್ಟರೆ ಹೊಣೆ ನನ್ನದು ಎಂದು ಪ್ರಯಾಣಿಕರೇ ಬರೆದುಕೊಟ್ಟ ಹಾಗೆ. ವೀಣೆ ಅಲ್ಲಿ ತಲುಪಿದಾಗ ಯಾಳಿಯ ಕೆಳಗಿನ ಜೋಡಣೆ ಬಿಟ್ಟುಕೊಂಡಿತ್ತು, ಆರು ಮೆಟ್ಟು ಕಳಚಿದ್ದವು. ದೂರು ಕೊಟ್ಟರು. ಕಂಪನಿ ವಿನಯದಿಂದ ಆ ಸಹಿಯನ್ನು ತೋರಿಸಿತು. ಆ ಊರಿನಲ್ಲಿ ಪಿಟೀಲು ದುರಸ್ತಿ ಮಾಡುವವನು ಜೋಡಣೆಯನ್ನೇನೋ ಚೆನ್ನಾಗಿ ಅಂಟಿಸಿಕೊಟ್ಟ. ಮೇಣ ಎಂದಾಗ ಕೈಚೆಲ್ಲಿದ. ಇವರು ಬೆಂಗಳೂರಿಗೆ ವಿಡಿಯೊ ಕರೆ ಮಾಡಿ, ಬಳೇಪೇಟೆಯ ವೀಣೆ ರಿಪೇರಿ ಮೇಷ್ಟ್ರು ಅಲ್ಲಿಂದ ಹೇಳಿದಂತೆ, ಮಗಳ ಅಡುಗೆಮನೆಯ ಒಲೆಯಲ್ಲಿ ಮೇಣ ಕಾಯಿಸಿ ಮೆಟ್ಟು ಕೂರಿಸಿದರು. “ಮೂರನೇ ಕಾಲದಲ್ಲಿ ಮಧ್ಯಮ ಇವತ್ತಿಗೂ ಸ್ವಲ್ಪ ಅಮೆರಿಕನ್ನೇ” ಎಂದು ನಗುತ್ತಾರೆ.

ಟ್ಯಾಗಿಗೆ ಸಹಿ ಮಾಡುವ ಬದಲು ಸೀಟು ಕೊಳ್ಳಬಹುದು. ಬುಕಿಂಗಿನಲ್ಲಿ ಅದಕ್ಕೆ ಸಿಬಿಬಿಜಿ ಎಂಬ ಸಂಕೇತವಿದೆ. ವಾದ್ಯಕ್ಕೆ ಸಿಗುವುದು ಸಾಮಾನ್ಯವಾಗಿ ಕಿಟಕಿಯ ಪಕ್ಕ, ಯಾಕೆಂದರೆ ತುರ್ತಿನಲ್ಲಿ ಅದು ಯಾರ ದಾರಿಗೂ ಅಡ್ಡವಾಗಬಾರದು. ತುರ್ತು ಬಾಗಿಲಿನ ಸಾಲು ಕೊಡುವುದಿಲ್ಲ. ಸೀಟ್‌ಬೆಲ್ಟ್ ಕಟ್ಟಬೇಕು, ಕೆಲವೊಮ್ಮೆ ಉದ್ದ ಮಾಡುವ ಹೆಚ್ಚುವರಿ ಪಟ್ಟಿ ಕೇಳಿ ಪಡೆಯಬೇಕು. ಎತ್ತರಕ್ಕೂ ಮಿತಿಯಿದೆ, ಕೊಳ್ಳುವ ಮುನ್ನ ಫೋನಿನಲ್ಲಿ ಖಚಿತಪಡಿಸಿಕೊಳ್ಳದಿದ್ದರೆ ದುಡ್ಡೂ ಹೋಯಿತು, ಸೀಟೂ ಹೋಯಿತು. ಸೆಲ್ಲೊ ನುಡಿಸುವವರಲ್ಲಿ ಇದು ಹಳೆಯ ರೂಢಿ. ಅಮೆರಿಕದ ಖ್ಯಾತ ಸೆಲ್ಲೊ ವಾದಕ ಲಿನ್ ಹ್ಯಾರೆಲ್ ತಮ್ಮ ಸೆಲ್ಲೊಗೆ ಪೂರ್ತಿ ದರದ ಟಿಕೆಟ್ ಕೊಂಡು, ಅದರ ಹೆಸರಲ್ಲೂ ಮೈಲೇಜ್ ಖಾತೆ ತೆರೆದಿದ್ದರು. 2012ರಲ್ಲಿ ಡೆಲ್ಟಾ ಕಂಪನಿ ಸೆಲ್ಲೊದ ಖಾತೆಯ ಜೊತೆಗೆ ಅವರ ಖಾತೆಯನ್ನೂ ರದ್ದು ಮಾಡಿತು. ಟಿಕೆಟ್ ಹಣಕ್ಕೆ ಪ್ರಯಾಣಿಕ, ಮೈಲೇಜಿಗೆ ಸಾಮಾನು!

ನಮ್ಮ ವೈಣಿಕರಲ್ಲಿ ಎಷ್ಟು ಮಂದಿ ಎರಡು ಟಿಕೆಟ್ ಕೊಳ್ಳಬಲ್ಲರು? ಇದು ಆಯೋಜಕರು ಯೋಚಿಸಬೇಕಾದ ಸಂಗತಿ. ಕಲಾವಿದರನ್ನು ಕರೆಸುವಾಗ ಊಟ, ವಸತಿ, ಶಾಲು, ಹಾರ ಎಲ್ಲದಕ್ಕೂ ಬಜೆಟ್ ಇರುತ್ತದೆ. ವೀಣೆಯ ಸೀಟಿನ ಮಾತೆತ್ತಿದರೆ ‘ಅಲ್ಲೇ ಯಾರದಾದರೂ ಕೊಡಿಸೋಣ ಬಿಡಿ’ ಎಂಬ ಉತ್ತರ ಬರುತ್ತದೆ.

ಕೊಂಬು, ದಂತ, ಬೀಟೆ, ಬಿದಿರು

ವಾದ್ಯ ಒಡೆಯದೆ ತಲುಪಿತು ಎನ್ನೋಣ. ಕಸ್ಟಮ್ಸ್ ಇದೆ. ಹಳೆಯ ಮೈಸೂರು ವೀಣೆಗಳ ಮೇಲಿನ ಬಿಳಿಯ ಕುಸುರಿ ಇಂದು ಪ್ಲಾಸ್ಟಿಕ್, ಅಂದು ಆನೆದಂತ. ಅಜ್ಜನ ಕಾಲದ ವೀಣೆಯನ್ನು ಪ್ರೀತಿಯಿಂದ ವಿದೇಶಕ್ಕೆ ಒಯ್ಯುವ ಮೊಮ್ಮಗಳಿಗೆ ಅದು ಗೊತ್ತಿರುವುದೇ ಇಲ್ಲ. ಏಷ್ಯಾದ ಆನೆಯ ದಂತ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ನಮ್ಮ ವನ್ಯಜೀವಿ ಕಾಯ್ದೆಯೂ ಅದರ ವ್ಯಾಪಾರವನ್ನು ನಿಷೇಧಿಸಿದೆ. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ನ್ಯೂಯಾರ್ಕಿನಲ್ಲಿ ಇಳಿದಾಗ ಪಿಟೀಲಿನ ಕಮಾನುಗಳ ತುದಿಯಲ್ಲಿ ದಂತವಿರಬಹುದೆಂದು ಏಳು ಕಮಾನುಗಳನ್ನು ತಡೆಹಿಡಿದಿದ್ದರು. ಉಗುರಿನಷ್ಟು ಅಗಲದ ಬಿಳಿ ಚೂರಿಗೆ ಅಷ್ಟು ಪಾಡು. ಹಳೆಯ ಸಿತಾರ್, ತಂಬೂರಿಗಳ ಕುದುರೆ ಜಿಂಕೆಯ ಕೊಂಬಿನದು; ಅದಕ್ಕೂ ವನ್ಯಜೀವಿ ಕಾಯ್ದೆಯ ತೊಡಕಿದೆ. ವಿದೇಶಕ್ಕೆ ಹೋಗುವ ಮುನ್ನ ಕರಿಮರದ ಇಲ್ಲವೇ ಕೃತಕ ವಸ್ತುವಿನ ಕುದುರೆ ಹಾಕಿಸಿಕೊಳ್ಳುವುದೇ ಜಾಣತನ. ನಾದ ಬದಲಾಗುತ್ತದೆ, ಹೌದು.

ಬೀಟೆಯ ಕಥೆ ಸುಖಾಂತ. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನೇ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿಸಿದ್ದರಿಂದ ಗಿಟಾರ್ ಕಂಪನಿಗಳಿಂದ ಹಿಡಿದು ನಮ್ಮ ವಾದ್ಯ ತಯಾರಕರವರೆಗೆ ಎಲ್ಲರೂ ಕಾಗದಪತ್ರದಲ್ಲಿ ಮುಳುಗಿಹೋದರು. ಮರ ಕಡಿಯುವವರನ್ನು ಹಿಡಿಯಲು ಹೂಡಿದ ಬಲೆಯಲ್ಲಿ ಸಿಕ್ಕಿಬಿದ್ದದ್ದು ಸಂಗೀತಗಾರರು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ಬ್ರೆಜಿಲ್‌ನ ಬೀಟೆ ಮಾತ್ರ 1992ರಿಂದಲೂ ಮೊದಲ ಪಟ್ಟಿಯಲ್ಲಿದ್ದು, ಅದಕ್ಕೆ ವಿನಾಯಿತಿ ಇಲ್ಲ.

ಬಿದಿರಿಗೆ ಸೈಟಿಸ್ ಕಾಟವಿಲ್ಲ, ಕೃಷಿ ಇಲಾಖೆಯ ಕಾಟವಿದೆ. 2013ರ ಡಿಸೆಂಬರ್‌ನಲ್ಲಿ ಮೊರಾಕ್ಕೊ ಮೂಲದ ಕೊಳಲು ವಾದಕ ಬೂಜೆಮಾ ರಜ್ಗಿ ಅವರು ಕೈಯಾರೆ ಮಾಡಿದ ಕೊಳಲುಗಳು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ನಾಶವಾದವು. ನಾವು ನಾಶ ಮಾಡಿದ್ದು ಹಸಿ ಬಿದಿರಿನ ತುಂಡುಗಳನ್ನು, ಕೀಟ ಬರಬಾರದೆಂದು, ಎಂದಿತು ಅಲ್ಲಿನ ಇಲಾಖೆ. ಅದೇ ನ್ಯೂಯಾರ್ಕಿನಲ್ಲಿ, 2001ರ ಸೆಪ್ಟೆಂಬರ್ ದಾಳಿಯ ನಂತರದ ದಿನಗಳಲ್ಲಿ, ಪೋಲೆಂಡಿನ ಪಿಯಾನೊ ವಾದಕ ಕ್ರಿಸ್ಟಿಯಾನ್ ಜಿಮರ್‌ಮನ್ ಅವರ ಸ್ಟೈನ್‌ವೇ ಪಿಯಾನೊದ ಅಂಟಿನ ವಾಸನೆ ಸ್ಫೋಟಕದಂತಿದೆಯೆಂದು ಅದನ್ನು ವಶಪಡಿಸಿಕೊಂಡು ನಾಶ ಮಾಡಿದ್ದರು. ನಮ್ಮ ಪಕ್ಕವಾದ್ಯದವರ ಚೀಲದಲ್ಲೂ ಅನುಮಾನದ ವಸ್ತುಗಳಿಗೆ ಕೊರತೆಯಿಲ್ಲ. ತಬಲಾದವರ ಸುತ್ತಿಗೆ, ಮೃದಂಗದವರ ಕಲ್ಲು, ಎಡಮುಖಕ್ಕೆ ಮೆತ್ತಲು ಒಂದು ಪೊಟ್ಟಣ ರವೆ. ಸುತ್ತಿಗೆಯನ್ನು ಕೈಚೀಲದಲ್ಲಿ ಮರೆತವರು ಅದನ್ನು ಭದ್ರತಾ ತಪಾಸಣೆಯ ತೊಟ್ಟಿಗೆ ಒಪ್ಪಿಸಿಯೇ ಮುಂದೆ ಹೋಗಬೇಕು.

ಇನ್ನೊಂದು ಕಾನೂನು ಅನೇಕರಿಗೆ ತಿಳಿಯದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕಲೆಯ ವಸ್ತು ಪ್ರಾಚ್ಯವಸ್ತು. ಅದನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆತನದ ವೀಣೆ ಶತಮಾನದ ಹತ್ತಿರವಿದ್ದರೆ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ದುಬಾರಿ ವಾದ್ಯವಾದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಪಡೆದರೆ, ಮರಳುವಾಗ ಸ್ವಂತ ವೀಣೆಗೆ ಸುಂಕ ಕಟ್ಟುವ ಪೀಕಲಾಟ ತಪ್ಪುತ್ತದೆ.

ಪೆಟ್ಟಿಗೆಗೆ ತಕ್ಕ ವಾದ್ಯ

ಈಗ ಮೊದಲೇ ಹೇಳಿದ್ದ, ವಿಮಾನ ವಾದ್ಯಗಳ ಆಕಾರ ತಿದ್ದಿದ ಮಾತಿಗೆ ಬರುತ್ತೇನೆ. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ದೇಶದ ಉದ್ದಗಲಕ್ಕೆ ಎಷ್ಟು ಹಾರಾಡುತ್ತಿದ್ದರೆಂದರೆ ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ಅವರಿಗೆ ‘ಹವಾಯಿ ಗಂಧರ್ವ’ ಎಂದೇ ಹೆಸರಿಟ್ಟಿದ್ದರು. ಗಾಯಕನ ವಾದ್ಯ ಗಂಟಲೇ ಆದರೂ, ಹಿಂದೆ ಎರಡು ತಂಬೂರಿ ಮಿಡಿಯದೆ ಅಂಥವರ ಗಾಯನ ಇಲ್ಲ. ಧಾರವಾಡ, ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕರ ತಂಬೂರಿಗಳು ತಲೆತಲಾಂತರದಿಂದ ಬರುವುದು ಮೀರಜಿನಿಂದ. ಅದರ ಬುರುಡೆ ಭೀಮಾ ತೀರದ ಪಂಢರಪುರ, ಮಂಗಳವೇಢೆ ಕಡೆಯ ಕುಂಬಳಜಾತಿಯ ದೊಡ್ಡ ಕಾಯಿ. ಆಳುದ್ದದ ಆ ವಾದ್ಯವನ್ನು ವಿಮಾನಕ್ಕೆ ಹತ್ತಿಸುವುದು ಹೇಗೆ? ಹತ್ತಿಸಲಾಗದೆಂದು ಮೊದಲು ಒಂದು ತಂಬೂರಿ ಕಡಿಮೆಯಾಯಿತು. ಆಮೇಲೆ ಬುರುಡೆ ಹೋಗಿ ಚಪ್ಪಟೆಯ ಪೆಟ್ಟಿಗೆ ತಂಬೂರಿ ಬಂತು. ಆಮೇಲೆ ತಂಬೂರಿಯೇ ಹೋಯಿತು.

ಅದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಸೃಷ್ಟಿ. ಜಿ. ರಾಜನಾರಾಯಣ್ ಕೊಳಲು ವಾದಕರು, ವೃತ್ತಿಯಿಂದ ಎಂಜಿನಿಯರ್, ಕೆಲಸ ಎಚ್‌ಎಎಲ್‌ನಲ್ಲಿ. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಮುಂದೆ ರಾಡೆಲ್ ಕಂಪನಿ ಕಟ್ಟಿದರು. ವಿಮಾನದ ಕಾರ್ಖಾನೆಯಲ್ಲಿದ್ದ ಮನುಷ್ಯನೇ ವಿಮಾನಕ್ಕೆ ಹೊಂದುವ ತಂಬೂರಿ ಮಾಡಿದ್ದು ಕಾಕತಾಳೀಯ ಇರಬಹುದು. ನನಗಂತೂ ಅದನ್ನು ನೆನೆದಾಗಲೆಲ್ಲ ನಗು ಬರುತ್ತದೆ. ಚೀಲದ ಮೂಲೆಯಲ್ಲಿ ಕೂರುವ ಆ ಪೆಟ್ಟಿಗೆ ಇಲ್ಲದಿದ್ದರೆ ಕಡಲಾಚೆಯ ಸಾವಿರಾರು ಕನ್ನಡ ಮನೆಗಳಲ್ಲಿ ಮಕ್ಕಳು ಶ್ರುತಿ ಇಲ್ಲದೆ ಸರಳೆ ಹಾಡುತ್ತಿದ್ದರು. ಈಗ ಅದೂ ಭಾರವೆನಿಸಿ ಫೋನಿನೊಳಗೆ ಇಳಿದಿದೆ. ಉಪಕಾರ ದೊಡ್ಡದು, ಒಪ್ಪುತ್ತೇನೆ. ಆದರೆ ಎರಡು ಮೀರಜ್ ತಂಬೂರಿಗಳ ನಡುವೆ ಕೂತವರ ಬೆನ್ನಿಗೆ ತಾಗುವ ನಾದ ಫೋನಿನಲ್ಲಿ ಇಲ್ಲ, ಮತ್ತು ಅದು ಇಲ್ಲವೆಂದು ಗೊತ್ತಿರುವ ಕೇಳುಗರ ಸಂಖ್ಯೆಯೂ ಕುಗ್ಗುತ್ತಿದೆ.

ಮೃದಂಗದ್ದೂ ಇದೇ ಹಾದಿ. ಹಲಸಿನ ಮರ, ಚರ್ಮದ ಬಾರು. ಶ್ರುತಿಗೊಂದರಂತೆ ಎರಡು ಮೂರು ಒಯ್ಯಬೇಕು. ಜೊತೆಗೆ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಹಸಿಚರ್ಮದ ವಾದ್ಯವನ್ನು ಘೋಷಿಸಿ ತಪಾಸಣೆಗೆ ಒಡ್ಡಬೇಕು. ಬೆಂಗಳೂರಿನವರೇ ಆದ ಎಂಜಿನಿಯರ್, ಸಂಗೀತಗಾರ ಡಾ. ಕೆ. ವರದರಂಗನ್ ಫೈಬರ್ ಗ್ಲಾಸಿನ ಮೈ, ಕೃತಕ ಹಾಳೆಯ ಮುಖವುಳ್ಳ ‘ಶ್ರೀ ಮೃದಂಗ’ವನ್ನು ರೂಪಿಸಿದರು. ತೂಕ ಕಡಿಮೆ, ಬೋಲ್ಟು ತಿರುಗಿಸಿದರೆ ಶ್ರುತಿ, ಮಳೆಗೂ ಚಳಿಗೂ ಜಗ್ಗದು. ಪ್ರವಾಸದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಚಾಪು ಎಂಬ ಹೊಡೆತದ ಒಳಗಿನ ಗುಂಗು ಅದೇ ಹೌದೇ ಎಂದು ಕೇಳಿದರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನ ಕಿವಿಗೆ ಅದು ಬೇರೆ ವಾದ್ಯ, ಚೆನ್ನಾಗಿರುವ ಬೇರೆ ವಾದ್ಯ.

ವೀಣೆಯೂ ಎರಡು ತುಂಡಾಗಿದೆ. ಕೊಡವೊಂದು ಕಡೆ, ದಂಡಿಯೊಂದು ಕಡೆ ಬಿಚ್ಚಿಟ್ಟು, ತಲುಪಿದ ಮೇಲೆ ಸ್ಕ್ರೂ ಬಿಗಿದು ಜೋಡಿಸುವ ಪ್ರವಾಸಿ ವೀಣೆಗಳು ಮಾರುಕಟ್ಟೆಯಲ್ಲಿವೆ. ಕೊಡವನ್ನೇ ಕಿರಿದು ಮಾಡಿ ಪಿಕಪ್ ಹಾಕಿದವು, ಫೈಬರಿನವು, ಪೂರ್ತಿ ಎಲೆಕ್ಟ್ರಾನಿಕ್ ಆದವು ಎಲ್ಲವೂ ಇವೆ. ಕೊಡ ಕಿರಿದಾದರೆ ನಾದ ತೆಳುವಾಗುತ್ತದೆ, ತೆಳುವಾದದ್ದನ್ನು ಆಂಪ್ಲಿಫೈಯರ್ ತುಂಬಿಕೊಡುತ್ತದೆ. ಒಂದೇ ಮರದಲ್ಲಿ ಕೊಡ, ದಂಡಿ, ಯಾಳಿ ಮೂರನ್ನೂ ಕೊರೆದ ಏಕಾಂಡ ವೀಣೆಗೆ ವೈಣಿಕರು ಪ್ರಾಣ ಬಿಡುತ್ತಿದ್ದರು, ನಡುವೆ ಜೋಡಣೆಯಿಲ್ಲದ ಮರದಲ್ಲಿ ನಾದ ತಡೆಯಿಲ್ಲದೆ ಓಡುತ್ತದೆಂದು. ಇಂದು ಅಂಗಡಿಯಲ್ಲಿ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಬಿಚ್ಚೋಕೆ ಬರುತ್ತಾ?’ ಎಂದಾದರೆ ಮಾಡುವವನು ಯಾವುದನ್ನು ಮಾಡಬೇಕು? ವಿದೇಶದ ಬೇಡಿಕೆಯೇ ಅವನ ಒಲೆ ಉರಿಸುತ್ತಿರುವಾಗ ಅವನನ್ನು ದೂರುವ ಹಕ್ಕು ನಮಗಿಲ್ಲ.

ಈ ಗೊಡವೆಯಿಲ್ಲದೆ ಜಗತ್ತು ಸುತ್ತಿದ್ದು ಪಿಟೀಲು. ಯಾವ ವಿಮಾನದ ಗೂಡನ್ನೂ ನೋಡದ ಕಾಲದಲ್ಲಿ ಅದರ ಅಳತೆ ಹೇಗೋ ಸರಿಯಾಗಿಯೇ ಕೂತಿತ್ತು. ಸ್ಯಾಕ್ಸೊಫೋನೂ ಹಾಗೆಯೇ: ಕತ್ತು ಬೇರೆ, ಬಾಯಿ ಬೇರೆ, ಮೈ ಬೇರೆ ಮಾಡಿ ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು. ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ಗೆ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರರಾದರು. ಅವರ ತಂದೆ ನುಡಿಸುತ್ತಿದ್ದ ನಾಗಸ್ವರವೂ ಕಳಚಿ ಜೋಡಿಸುವಂಥದ್ದೇ, ಹೋಗಬಹುದಿತ್ತು. ಕರೆ ಬಂದದ್ದು ಸ್ಯಾಕ್ಸೊಫೋನಿಗೆ.

ಯಾವ ತಿದ್ದುಪಡಿಗೂ ಜಗ್ಗದೆ ಉಳಿದಿರುವುದು ಘಟ. ಅದನ್ನು ಬಿಚ್ಚಲಾಗದು, ಮಡಚಲಾಗದು, ಒಡೆದರೆ ಅಂಟಿಸಲಾಗದು, ಶ್ರುತಿ ಏರಿಸಲೂ ಆಗದು; ಶ್ರುತಿಗೊಂದು ಘಟ ಬೇಕು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಘಟತರಂಗಕ್ಕಂತೂ ಹಲವು ಘಟಗಳು ಒಟ್ಟಿಗೆ ಬೇಕು. ಘಟಕ್ಕೆ ಹೆಸರಾದ ಊರು ತಮಿಳುನಾಡಿನ ಮಾನಾಮದುರೈ, ಅಲ್ಲಿನದು ದಪ್ಪ, ಭಾರ. ನಮ್ಮ ದೇವನಹಳ್ಳಿಯಲ್ಲೂ ಘಟ ಮಾಡುತ್ತಿದ್ದರು. ಅದೇ ದೇವನಹಳ್ಳಿಯಲ್ಲಿ 2008ರಿಂದ ಬೆಂಗಳೂರಿನ ವಿಮಾನ ನಿಲ್ದಾಣವಿದೆ. ಅಲ್ಲಿ ಚೆಕ್-ಇನ್ ಆಗುವ ಘಟದವರನ್ನು ಒಮ್ಮೆ ಗಮನಿಸಿ. ಬಟ್ಟೆಬರೆಯನ್ನೆಲ್ಲ ಕೆಳಗೆ ಕಳಿಸಿ, ಘಟವೊಂದನ್ನೇ ಕೈಯಲ್ಲಿ ಹಿಡಿದು, ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತಿರುತ್ತಾರೆ, ತಲೆಯ ಮೇಲಿನ ಗೂಡು ತುಂಬುವ ಮುನ್ನ ಜಾಗ ಹಿಡಿಯಲು. ಒಳಗೆ ಹೋದ ಮೇಲೆ ಶಾಲು ಸುತ್ತಿ ಅದನ್ನು ಗೂಡಿನಲ್ಲಿಟ್ಟು ಸರಿಯಾಗಿ ಅದರ ಕೆಳಗೇ ಕೂರುತ್ತಾರೆ. ಯಾರಾದರೂ ಟ್ರಾಲಿ ತುರುಕಲು ಆ ಬಾಗಿಲಿಗೆ ಕೈಹಾಕಿದರೆ ಸಾಕು, ಸೀಟ್‌ಬೆಲ್ಟ್ ಬಿಚ್ಚಿ ಎದ್ದು ನಿಂತು, “ಸಾರ್, ಒಂದ್ನಿಮಿಷ, ಅದು ಮಡಕೆ” ಎನ್ನುತ್ತಾರೆ.